ಬಾಟಲಿ ಅಕ್ಕನ ಹೆಸರಿಲ್ಲದ ಮೀನು

ಬಾಟಲಿ ಅಕ್ಕನಿಗೆ ಬರಬೇಕಾದ ಬಾಕಿ ಹನ್ನೊಂದು ಮೀನು. ದುಡ್ಡಿನ ಬಾಕಿಯಾಗಿದ್ದರೆ ನಮ್ಮಂಥ ಹಳೇ ಹೋರಾಟಗಾರರು ಯಾರ ಬಾಗಿಲಲ್ಲಾದರೂ ಕೂತು ವಸೂಲಿ ಮಾಡಿಕೊಡುತ್ತಿದ್ದೆವು. ಮೀನಿಗಾಗಿ ಧರಣಿ ಕೂತ ಅನುಭವ ನನಗಿಲ್ಲ. ಆರು ವರ್ಷದ ಹಿಂದೆ ಮೀನುಶಾಸ್ತ್ರದ ದೊಡ್ಡ ಡಾಕ್ಟರೊಬ್ಬರು ಕಾಲೇಜಿಗೆ ಬಂದಿದ್ದರು. 'ಹದಿನೈದು ದಿನದಲ್ಲಿ ವಾಪಸ್' ಎಂದು ಬರೆದು, ಸಹಿ ಹಾಕಿ, ಮೀನಿದ್ದ ಬಾಟಲಿಯನ್ನು ಚೀಲಕ್ಕಿಳಿಸಿಕೊಂಡು ಹೋದರು. ಅವರ ಹದಿನೈದು ದಿನ ಇನ್ನೂ ಮುಗಿದಿಲ್ಲ.

ಅಕ್ಕ ಆ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್. ಎರಡನೇ ಮಹಡಿಯ ಮೂಲೆಯಲ್ಲಿ, ಶೌಚಾಲಯದ ಪಕ್ಕದ ಕೋಣೆ ಅವಳದು. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಕಪಾಟಿನ ತುಂಬ ಸ್ಪಿರಿಟ್ಟಿನಲ್ಲಿ ಮುಳುಗಿದ ಪ್ರಾಣಿಗಳ ಆರುನೂರ ನಲವತ್ತು ಬಾಟಲಿ. ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ಸ್ಪಿರಿಟ್ ಆವಿಯಾಗುತ್ತದೆ. ಒಂದು ಮಳೆಗಾಲ ಗಮನಿಸದೆ ಬಿಟ್ಟರೆ ಮೀನು ಒಣಗಿ ಸೌದೆಯಾಗುತ್ತದೆ. ಇಪ್ಪತ್ತೆರಡು ವರ್ಷದಿಂದ ಪ್ರತಿ ಸೋಮವಾರ ಅವಳು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ಇಳಿದಷ್ಟನ್ನು ತುಂಬಿಸುತ್ತಾಳೆ. ಮೈಗೆಲ್ಲ ಅದೇ ವಾಸನೆ.

"ಒಲೆ ಹತ್ರ ಬರಬೇಡ ಕಣೇ, ಭಗ್ ಅಂತ ಹತ್ಕೋತೀಯ," ಎಂದು ಅವಳ ಅತ್ತೆ ದಿನಾ ರೇಗಿಸುತ್ತಾಳೆ.

"ಹತ್ಕೊಂಡ್ರೆ ನಿಮಗೇ ಲಾಭ ಅಲ್ವಾ ಅತ್ತೆ, ಗ್ಯಾಸ್ ಉಳಿಯುತ್ತೆ."

ಅವಳದೊಂದು ಹಟವಿದೆ. ಬಾಟಲಿಯೊಳಗಿನ ಚೀಟಿಯನ್ನು ಸೀಸದಕಡ್ಡಿಯಲ್ಲೇ ಬರೆಯಬೇಕು. ಯಾವ ನೀರು, ಯಾವ ತಾರೀಖು, ಎಷ್ಟು ಆಳ, ಹಿಡಿದವರು ಯಾರು, ಎಲ್ಲವನ್ನೂ ದಪ್ಪ ಕಾಗದದ ಮೇಲೆ ಸೀಸದಲ್ಲಿ ಬರೆದು ಮೀನಿನ ಜೊತೆಗೇ ಮುಳುಗಿಸಬೇಕು. ಪೆನ್ನಿನ ಶಾಯಿಯನ್ನು ಸ್ಪಿರಿಟ್ ಕುಡಿದುಬಿಡುತ್ತದೆ. ಇದನ್ನು ಕೇಳಿ ಎಂ.ಎಸ್ಸಿ. ಓದುವವರು ನಗುತ್ತಾರೆ. ನಗಲಿ.

ಇಟ್ಟಿಗೆ ಗೂಡಿನ ಹಿಂದಿನ ತೊರೆಯಲ್ಲಿ, ಉರುಟುಕಲ್ಲುಗಳ ಅಡಿ, ಬೆರಳುದ್ದದ ಮೀನೊಂದಿದೆ. ಬಾಯಿ ಕೆಳಗೆ, ಬಾಯಿಯ ಸುತ್ತ ಆರು ಮೀಸೆ. ಪುಸ್ತಕದವರು ಈ ಜಾತಿಯ ಮೀನುಗಳನ್ನು ಲೋಚ್ ಎನ್ನುತ್ತಾರೆ. ತಿನ್ನಲು ಬಾರದ ಮೀನೆಂದು ಊರವರು ಅದಕ್ಕೆ ಹೆಸರನ್ನೂ ಇಟ್ಟಿಲ್ಲ. ವಿದ್ಯಾರ್ಥಿಗಳ ಜೊತೆ ಹೋಗಿದ್ದ ಅಕ್ಕ ಕಲ್ಲೆತ್ತಿ, ಹನ್ನೊಂದನ್ನು ಕೈಯಾರೆ ಹಿಡಿದು ತಂದಿದ್ದಳು. ಸ್ಪಿರಿಟ್ ತುಂಬಿಸುವಾಗ ಅವಳ ಕಣ್ಣಿಗೆ ಏನೋ ತಟ್ಟಿತು. ಪಕ್ಕದ ಬಾಟಲಿಯ ಲೋಚಿಗೆ ಮೈಮೇಲೆ ಹನ್ನೆರಡು ಪಟ್ಟೆ, ಇದಕ್ಕೆ ಏಳೇ. ಅದರ ಬಾಲ ಕವಲು, ಇದರದು ಕತ್ತರಿಯಲ್ಲಿ ಕತ್ತರಿಸಿದಂತೆ ನೇರ. ಪಕ್ಕೆಯ ಮೇಲಿನ ಸಣ್ಣ ರಂಧ್ರಗಳ ಗೆರೆ ಅದಕ್ಕೆ ಬಾಲದವರೆಗೂ ಓಡಿದರೆ, ಇದಕ್ಕೆ ಬೆನ್ನುರೆಕ್ಕೆಯ ಕೆಳಗೇ ನಿಂತುಬಿಡುತ್ತದೆ. ವಿಭಾಗಕ್ಕೆ ಆಗಷ್ಟೇ ಸೇರಿದ್ದ ಹೊಸ ಮೇಡಂ ಸೂಕ್ಷ್ಮದರ್ಶಕದಡಿ ಎಣಿಸಿ, ಪುಸ್ತಕಗಳನ್ನೆಲ್ಲ ತಡಕಿ, "ಅಕ್ಕಾ, ಇದು ಎಲ್ಲೂ ಇಲ್ಲ," ಎಂದರು. ಖಚಿತಪಡಿಸಿಕೊಳ್ಳೋಣವೆಂದು ದೊಡ್ಡ ಡಾಕ್ಟರನ್ನು ಕರೆಸಿದರು. ತಪ್ಪಾಗಿದ್ದೇ ಅಲ್ಲಿ.

ಈ ವರ್ಷ ತೊರೆಗೆ ಸಿಮೆಂಟ್ ಹಾಕುವ ಯೋಜನೆ ಬಂತು. ಎರಡು ದಡಕ್ಕೂ ಸಿಮೆಂಟು, ತಳಕ್ಕೂ ಸಿಮೆಂಟು. ಕಲ್ಲೇ ಇಲ್ಲದ ಮೇಲೆ ಕಲ್ಲಡಿಯ ಮೀನೆಲ್ಲಿ? ನಮ್ಮ ಹೋರಾಟ ಸಮಿತಿ ಆಕ್ಷೇಪ ಹಾಕಿತು. ಅಹವಾಲು ಸಭೆಯಲ್ಲಿ ಅಕ್ಕ ಎದ್ದು ನಿಂತು ಮೀನಿನ ವಿಷಯ ಹೇಳಿದಳು. ಅಧಿಕಾರಿ ಪೆನ್ನು ತೆರೆದು ಕೇಳಿದ:

"ಮೀನಿನ ಹೆಸರೇನಮ್ಮ?"

"ಇನ್ನೂ ಇಟ್ಟಿಲ್ಲ ಸಾರ್."

"ಹೆಸರಿಲ್ಲದ್ದನ್ನ ಕಡತದಲ್ಲಿ ಏನಂತ ಬರೀಲಿ? ಮೂರು ತಿಂಗಳು ಟೈಮ್ ಕೊಡ್ತೀನಿ, ಹೆಸರು ತಗೊಂಡು ಬನ್ನಿ." ಪೆನ್ನು ಮುಚ್ಚಿದ.

ಮೀನಿಗೆ ಹೆಸರಿಡುವುದೆಂದರೆ ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಉಸುರುವುದಲ್ಲ. ಒಂದು ಮೀನನ್ನು ಮಾದರಿಯೆಂದು ಆರಿಸಬೇಕು, ಅಳೆಯಬೇಕು, ಎಣಿಸಬೇಕು, ಅದರ ನೆಂಟರಿಗಿಂತ ಹೇಗೆ ಬೇರೆ ಎಂದು ಬರೆಯಬೇಕು, ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಬೇಕು. ಅದಕ್ಕೆಲ್ಲ ಮೊದಲು ಮೀನು ಬೇಕು. ಮೀನು ಡಾಕ್ಟರ ಹತ್ತಿರ. ಫೋನು ಮಾಡಿದಾಗಲೆಲ್ಲ ಅವರು ಮೀಟಿಂಗಿನಲ್ಲಿರುತ್ತಿದ್ದರು. ಕೊನೆಗೆ ಅಕ್ಕ ಮತ್ತು ನಾನು ಐದು ಗಂಟೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಿ ಅವರ ಕೋಣೆಯ ಮುಂದೆ ನಿಂತೆವು.

"ಬಾರಮ್ಮ ಬಾ. ಆತುರ ಯಾಕೆ? ಮೀನೇನು ಓಡಿಹೋಗುತ್ತಾ?" ಎನ್ನುತ್ತ ಒಂದು ದೊಡ್ಡ ಜಾಡಿ ತೋರಿಸಿದರು. ಒಳಗೆ ಐವತ್ತಕ್ಕೂ ಹೆಚ್ಚು ಲೋಚುಗಳು ಒಂದರ ಮೇಲೊಂದು ಬಿದ್ದಿದ್ದವು. ಸ್ಪಿರಿಟ್ ತಿಳಿ ನೀಲಿ. ತಳದಲ್ಲಿ ಬೋಳು ಕಾಗದದ ಚೂರುಗಳು.

ಅಕ್ಕ ಜಾಡಿಯನ್ನು ಬೆಳಕಿನತ್ತ ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು: "ನನ್ನ ಸೀಸದ ಚೀಟಿ ಎಲ್ಲಿ ಸಾರ್?"

"ಅಕ್ಷರ ಚೆನ್ನಾಗಿರ್ಲಿಲ್ಲ ಅಂತ ನಮ್ಮ ಹುಡುಗರು ಕಂಪ್ಯೂಟರಲ್ಲಿ ಹೊಸದು ಪ್ರಿಂಟ್ ಹಾಕಿದ್ರು. ಜಾಗ ಸಾಲದೆ ಎಲ್ಲಾ ಒಂದರಲ್ಲೇ ಇಟ್ವಿ."

"ಪ್ರಿಂಟು ಕರಗಿಹೋಗಿದೆ ಸಾರ್."

"ಹೌದೌದು, ನೋಡ್ದೆ."

ನೋಡಿದರಂತೆ! ಅಕ್ಕ ಇಕ್ಕುಳ ತೆಗೆದುಕೊಂಡು, ಏಳು ಪಟ್ಟೆಯವನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯಲ್ಲಿಟ್ಟಳು. ಹನ್ನೊಂದು. ಸರಿಯಾಗಿ ಹನ್ನೊಂದು. ಡಾಕ್ಟರು ತಲೆಯಾಡಿಸಿದರು. "ನೀನು ಗುರುತಿಸಿದೆ, ಸರಿ. ಆದರೆ ಇದು ನಿಮ್ಮ ತೊರೆಯದ್ದೇ ಅನ್ನೋದಕ್ಕೆ ದಾಖಲೆ ಎಲ್ಲಿದೆ? ಹಾಗೆಲ್ಲ ಕೊಡೋಕಾಗಲ್ಲ, ಇಲ್ಲೇ ಇರಲಿ." ನಾನು ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಅದನ್ನು ಇಲ್ಲಿ ಬರೆದರೆ ಅಚ್ಚು ಹಾಕುವವರು ಒಪ್ಪುವುದಿಲ್ಲ. ಅಕ್ಕ ನನ್ನ ತೋಳು ಹಿಡಿದು ಹೊರಗೆಳೆದಳು: "ಅಣ್ಣಾ, ಬಯ್ದು ದಣೀಬೇಡಿ. ನಾಳೆ ಕಲ್ಲೆತ್ತೋಕೆ ಆಳು ಬೇಕು."

ಮರುದಿನ ತೊರೆಗಿಳಿದೆವು. ಗುತ್ತಿಗೆದಾರನ ಯಂತ್ರ ಗಡುವಿಗೂ ಕಾಯದೆ ಅರ್ಧ ತಳ ಕೆರೆದಿತ್ತು. ಮೂರು ದಿನ ಸೊಂಟ ಬಗ್ಗಿಸಿ ಕಲ್ಲೆತ್ತಿದ್ದಕ್ಕೆ ಸಿಕ್ಕಿದ್ದು ನಾಲ್ಕು ಮೀನು. ಸತ್ತ ಮೇಲೆ ಬಣ್ಣ ಹೋಗುತ್ತದೆಂದು ಹೊಸ ಮೇಡಂ ಜೀವಂತವಾಗಿರುವಾಗಲೇ ಗಾಜಿನ ತೊಟ್ಟಿಯಲ್ಲಿಟ್ಟು ಫೋಟೋ ತೆಗೆದರು. ಕೊಳೆಯದಂತೆ ಫಾರ್ಮಲಿನ್‌ಗೆ ಹಾಕುವ ಮೊದಲೇ ರೆಕ್ಕೆಯ ಚೂರು ಕತ್ತರಿಸಿ ಬೇರೆ ಸೀಸೆಗಿಟ್ಟರು, ಆಮೇಲಾದರೆ ಡಿಎನ್ಎ ವಂಶಪರೀಕ್ಷೆಗೆ ಬಾರದು. ನಾನು ಚೀಟಿ ಬರೆಯಲು ಜೇಬಿನ ಪೆನ್ನು ತೆಗೆದಾಗ ಅಕ್ಕ ನೋಡಿದ ನೋಟಕ್ಕೆ ಪೆನ್ನು ತಾನಾಗಿ ಜೇಬಿಗೆ ಮರಳಿತು.

ಮೇಡಂ ಹಗಲೆಲ್ಲ ಪಾಠ ಮಾಡಿ, ಸಂಜೆ ಅಕ್ಕ ಎಣಿಸಿ ಹೇಳಿದ್ದನ್ನು ಬರೆದರು. ಲೇಖನದಲ್ಲಿ ಅಟೆಂಡರ್ ಒಬ್ಬಳ ಹೆಸರು ಹಾಕಬಹುದೇ ಎಂದು ವಿಭಾಗದಲ್ಲಿ ಎರಡು ವಾರ ಚರ್ಚೆ ನಡೆಯಿತು. ಡಾಕ್ಟರು ತಮ್ಮ ಹೆಸರೂ ಇರಲಿ, ಮೊದಲೇ ಇರಲಿ ಎಂದು ಹೇಳಿ ಕಳಿಸಿದರು. ಅಕ್ಕ ಸ್ಟಾಫ್ ರೂಮಿನ ಬಾಗಿಲಲ್ಲಿ ಸ್ಪಿರಿಟ್ ಕ್ಯಾನು ಹಿಡಿದು ನಿಂತು ಹೇಳಿದಳು:

"ಯಾರ ಹೆಸರಾದ್ರೂ ಹಾಕ್ಕೊಳ್ಳಿ. ಮೊದಲು ಮೀನಿಂದು ಹಾಕಿ."

ಲೇಖನ ಹೋಯಿತು. ಕಳೆದ ವಾರ ಉತ್ತರ ಬಂತು. ಪರಿಶೀಲಿಸಿದವರು ಯಾರೋ, ಹೆಸರು ಹೇಳುವ ಪದ್ಧತಿ ಇಲ್ಲವಂತೆ. ವಿವರಣೆ ಚೆನ್ನಾಗಿದೆ, ಪಟ್ಟೆ ಸರಿ, ಬಾಲ ಸರಿ, ಗೆರೆ ಸರಿ. ಆದರೆ ನಾಲ್ಕು ಮೀನು ಕಡಿಮೆಯಾಯಿತು, ಇನ್ನಷ್ಟು ಹಿಡಿದು ಮತ್ತೆ ಕಳಿಸಿ, ಆತುರಪಡಬೇಡಿ. ಅಕ್ಕ ಆ ಕಾಗದವನ್ನು ಎರಡು ಸಲ ಓದಿಸಿಕೊಂಡು, ಸೋಮವಾರವಾದ್ದರಿಂದ ಬಾಟಲಿ ತುಂಬಿಸಲು ಹೋದಳು.

ಮೂರು ತಿಂಗಳ ಗಡುವು ಮುಗಿಯುತ್ತಿದೆ. ಇದೇ ಹತ್ತೊಂಬತ್ತಕ್ಕೆ, ಬೆಳಿಗ್ಗೆ ಹತ್ತೂವರೆಗೆ, ಅದೇ ಅಧಿಕಾರಿಯ ಕಚೇರಿಯಲ್ಲಿ, ಎರಡನೇ ಅಹವಾಲು ಸಭೆ. ನಾಲ್ಕು ಮೀನಿನ ಬಾಟಲಿಯನ್ನೇ ಎತ್ತಿಕೊಂಡು ಹೋಗುತ್ತೇನೆ ಎಂದಿದ್ದಾಳೆ ಅಕ್ಕ. ಒಬ್ಬಳೇ ಹೋದರೆ ಅಧಿಕಾರಿ ಮತ್ತೆ ಪೆನ್ನು ಮುಚ್ಚುತ್ತಾನೆ. ಮುನ್ನೂರು ಜನ ಎದುರು ನಿಂತು ಮುನ್ನೂರು ಆಕ್ಷೇಪ ಪತ್ರ ಕೊಟ್ಟರೆ ಅಷ್ಟನ್ನೂ ಅವನು ಕಡತಕ್ಕೆ ಸೇರಿಸಲೇಬೇಕು, ಅದು ನಿಯಮ. ಇದನ್ನು ಓದಿ, ಅಯ್ಯೋ ಪಾಪ ಅಂದು, ಹಾಳೆ ತಿರುಗಿಸಬೇಡಿ. ರಜೆ ಹಾಕಿ ಬನ್ನಿ. ಆ ಮೀನಿಗಿನ್ನೂ ಹೆಸರಿಲ್ಲ, ನಿಮಗಿದೆ. ವಿಳಾಸ ಸಮೇತ ಅದನ್ನು ಕಾಗದದ ಮೇಲೆ ಬರೆದು, ಸಹಿ ಹಾಕಿ, ತಂದು ಅವನ ಮೇಜಿನ ಮೇಲಿಡಿ.