ಕೋರ್ಟಿನ ಹೊಸ್ತಿಲಲ್ಲಿ ಬಿಟ್ಟ ಬೂಟು

ಓಕ್ ಮರಕ್ಕೆ ಬಳಿದ ವಾರ್ನಿಷ್ ವಾಸನೆ ಮೂಗಿಗೆ ಬಡಿಯಿತು. ಹಳೆಯ ಕೌಂಟಿ ಕೋರ್ಟನ್ನು ಫ್ಲ್ಯಾಟುಗಳನ್ನಾಗಿ ಮಾಡಿದ್ದಾರೆ, ನೋಡಿ ಬರೋಣ ಎಂದು ಗಂಡ ಹೊರಡಿಸಿದ್ದರು. ವರ್ಷಗಳ ಹಿಂದೆ ಬಂದಿದ್ದಾಗಲೂ ಇಲ್ಲಿ ಇದೇ ವಾಸನೆ. ಲಂಡನ್ನಿನ ವೆಂಬ್ಲಿಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಕಾಕಾ ನೆನಪಾದರು...

ವಿಜಯಪುರದ ಕಡೆಯವರು. ಪಾರ್ಕ್ ರಾಯಲ್‌ನ ಬ್ರೆಡ್ ಫ್ಯಾಕ್ಟರಿಯಲ್ಲಿ ದುಡಿದು ಸವೆದಿದ್ದರು. ಹೆಂಡತಿ ತೀರಿಕೊಂಡ ಮೇಲೆ ಆ ಬಾಡಿಗೆ ಮನೆ ಬಿಟ್ಟರೆ ಅವರಿಗೆ ಇನ್ನೇನೂ ಇರಲಿಲ್ಲ. ಗೋಡೆಯೆಲ್ಲ ತೇವ, ಕಪ್ಪು ಬೂಷ್ಟು. ರಿಪೇರಿ ಮಾಡಿಸೆಂದು ಸ್ಥಳೀಯ ಕೌನ್ಸಿಲ್‌ನವರು ಮಾಲೀಕನಿಗೆ ನೋಟಿಸ್ ಕೊಟ್ಟರು. ಅದರ ಬೆನ್ನಿಗೇ ಅವನು ಮನೆ ಖಾಲಿ ಮಾಡಿಸಲು ಕೋರ್ಟಿಗೆ ಹೋದ. ಅಂಥ ನೋಟಿಸ್ ಬಂದ ಕೂಡಲೇ ಬಾಡಿಗೆದಾರನನ್ನು ಹೊರಹಾಕುವಂತಿಲ್ಲ, ಅದನ್ನು ಜಡ್ಜ್ ಮುಂದೆ ಹೇಳಿದರೆ ಮನೆ ಉಳಿಯುತ್ತದೆ ಎಂದು ಉಚಿತ ಸಲಹೆ ಕೊಡುವ ವಕೀಲೆಯೊಬ್ಬರು ಕಾಕಾಗೆ ತಿಳಿಹೇಳಿದ್ದರು. ಜೊತೆಗೆ ನಾನು ಹೋದೆ.

ಬ್ರಿಟಿಷರು ಅರ್ಧ ಜಗತ್ತನ್ನು ಆಳುತ್ತಿದ್ದ ಕಾಲದ ಕೆಂಪು ಇಟ್ಟಿಗೆಯ ಕಟ್ಟಡ. ಬಾಗಿಲ ಮೇಲೆ ರಾಜಲಾಂಛನದ ಕಲ್ಲಿನ ಸಿಂಹ, ಒಂಟಿ ಕೊಂಬಿನ ಕುದುರೆ. ಒಳಗೆ ಓಕ್ ಹಲಗೆ ಹೊದಿಸಿದ ಗೋಡೆ, ಆಳೆತ್ತರದ ಪೀಠ. ಕಿಟಕಿಗಳೋ ಸೂರಿನ ಹತ್ತಿರ, ನಿಂತವರಿಗೆ ಆಕಾಶದ ಚೂರು ಮಾತ್ರ ಕಾಣಬೇಕು. ಬಡವರನ್ನು ಹೆದರಿಸಲಿಕ್ಕೇ ಕಟ್ಟಿದ್ದಾರೆ ಎಂದು ನನಗೆ ಸಿಟ್ಟು ಬಂತು. ಕಾಕಾಗೆ ಭಕ್ತಿ ಬಂತು.

“ನಮ್ಮೂರ ಚಾವಡಿ ಇದ್ದಾಂಗ ಐತಿ ನೋಡವಾ,” ಎಂದವರೇ ಬೂಟು ಬಿಚ್ಚಿ ಹೊಸ್ತಿಲ ಬಳಿ ಇಟ್ಟರು. ಕೋರ್ಟಿನ ಜವಾನ ಓಡಿ ಬಂದು ಗದರಿ ಮತ್ತೆ ಹಾಕಿಸಿದ. ಕಾಕಾ ಬಗ್ಗಿ ಲೇಸು ಕಟ್ಟಿಕೊಂಡರು.

ಹೇಳುವುದೇನಾದರೂ ಇದೆಯೇ ಎಂದು ಜಡ್ಜ್ ಕೇಳಿದರು. ಮತ್ತೊಮ್ಮೆ ಕೇಳಿದರು. ನಾನು ಮಾತಾಡುವಂತಿರಲಿಲ್ಲ; “ಹೇಳ್ರಿ ಕಾಕಾ,” ಎಂದು ಪಿಸುಗುಟ್ಟಿದೆ. ಕಾಕಾ ಕೈ ಮುಗಿದು, “ಯು ನೋ ಎವ್ರಿಥಿಂಗ್, ಸರ್,” ಎಂದರು. ಅಷ್ಟೇ. ಮನೆ ಹೋಯಿತು.

ಹೊರಗೆ ಬಂದು ರೇಗಿದೆ. “ನ್ಯಾಯಕ್ಕ ಕುಂತ ಹಿರಿಯರ ಮುಂದ ತಮ್ಮದು ತಾವ ಹೇಳ್ಕೊಂತಾರೇನವಾ? ಎಲ್ಲಾ ವಿಚಾರಿಸೇ ಕುಂತಿರ್ತಾರ,” ಎಂದರು. ಅವರ ಊರಲ್ಲಿ ಹಿರಿಯರು ಮೊದಲೇ ನಾಲ್ಕು ಮನೆ ಕೇಳಿಕೊಂಡು ಬಂದು ಕೂರುತ್ತಿದ್ದರಂತೆ. ಇಲ್ಲಿ ಬಾಯಿಬಿಟ್ಟು ಹೇಳದ್ದು ನಡೆದೇ ಇಲ್ಲ ಎಂದು ಲೆಕ್ಕ.

ಕೌನ್ಸಿಲ್ ಅವರನ್ನು ಲಂಡನ್ನಿನ ಇನ್ನೊಂದು ತುದಿಯ ಹಾಸ್ಟೆಲ್ ಕೋಣೆಗೆ ಕಳಿಸಿತು. ಆ ಚಳಿಗಾಲ ಅಲ್ಲೇ ತೀರಿಕೊಂಡರು. ಬಾಗಿಲು ಒಡೆದ ಮೇಲೆಯೇ ಗೊತ್ತಾದದ್ದು...

ಪೀಠವಿದ್ದ ಜಾಗದಲ್ಲಿ ಈಗ ಅಡುಗೆಮನೆ. ಎತ್ತರದ ಕಿಟಕಿಗಳನ್ನು ತೋರಿಸಿ ಏಜೆಂಟ್ ಹುಡುಗಿ ಹೊಗಳುತ್ತಿದ್ದಳು. ಒಳಗೆ ಕಾಲಿಡಲು ಹೋದೆ. ನೆಲ ಹೊಸದು, ದಯವಿಟ್ಟು ಶೂಸ್ ಬಾಗಿಲಲ್ಲೇ ಬಿಡಿ ಎಂದಳು.

ಬಿಚ್ಚಿದೆ. ಕಾಕಾ ಇಟ್ಟಿದ್ದ ಜಾಗದಲ್ಲೇ ಇಟ್ಟೆ. ಆಮೇಲೆ ಒಳಗೆ ಹೋಗಲು ಆಗಲಿಲ್ಲ.