ಚೆನ್ನಯನ ಉಂಗುರದ ಬೆರಳು

ಚೆನ್ನಯ ಐವತ್ತರ ಹತ್ತಿರದವನು. ಮಲಾಡ್ ಸ್ಟೇಷನ್ ಪಕ್ಕದ ಹೋಟೆಲಿನ ಅಡುಗೆಮನೆಯಲ್ಲಿ ವಾರವೆಲ್ಲ ನಿಂತು, ರಜೆಯ ದಿನ ಕಾಲು ಚಾಚಿ ಮಲಗುವುದು ಬಿಟ್ಟು ಬಂಡೆ ಹತ್ತುತ್ತಾನೆ. ಕೆಳಗೆ ಹಗ್ಗ ಹಿಡಿದು ನಿಲ್ಲುವವನು ನಾನು. ಆ ಕೆಲಸಕ್ಕೆ ನನಗಿರುವ ಅರ್ಹತೆ ನನ್ನ ತೂಕ ಒಂದೇ. ಹತ್ತಲು ನಾನೂ ಒಮ್ಮೆ ಹೊರಟಿದ್ದೆ. ಬಂಡೆ ಮುಟ್ಟುವ ಮೊದಲು, ರಿಕ್ಷಾ ಇಳಿಯುವಾಗಲೇ ಪಾದ ಉಳುಕಿತು.

ಹೋದ ಚಳಿಗಾಲ ಮುಂಬ್ರಾದ ಬಂಡೆಯಲ್ಲಿ ಚೆನ್ನಯನಿಗೆ ತುದಿ ಮುಟ್ಟಲು ಒಂದು ಮಾರು ಬಾಕಿ. ಬಿಸ್ಕತ್ತಿನಷ್ಟು ದಪ್ಪದ ಅಂಚನ್ನು ಬೆರಳ ತುದಿಯಲ್ಲಿ ಹಿಡಿದು ಮೈಯೆಳೆದ. ಟಕ್ಕೆಂದಿತು.

"ಹಗ್ಗವಾ?" ಎಂದೆ.

"ಅಲ್ಲ ಮಾರಾಯ್ರೆ, ನಾನು."

ಬಲಗೈಯ ಉಂಗುರದ ಬೆರಳು. ಮನೆಯಲ್ಲಿ ಹೆಂಡತಿ ವಸಂತಿ ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿದಳು. "ಈ ಪ್ರಾಯದಲ್ಲಿ ಗೋಡೆ ಹತ್ತುವುದು ಹಲ್ಲಿ ಮಾತ್ರ" ಎನ್ನುತ್ತಲೇ ತಿಕ್ಕಿದಳು. ಬೆಳಿಗ್ಗೆ ಬೆರಳು ಏಲಕ್ಕಿ ಬಾಳೆಹಣ್ಣಿನಂತಾಗಿತ್ತು.

ಕಾಂದಿವಲಿಯ ಫಿಸಿಯೋಥೆರಪಿಸ್ಟ್ ಸ್ನೇಹಲ್ ಇಲ್ಲಿಯೇ ಹುಟ್ಟಿದವಳು, ತಂದೆತಾಯಿ ವಿಜಯಪುರದವರು. ಅವಳ ಬೆಂಚಿನಲ್ಲಿ ಆಗಲೇ ಮೊಣಕೈ ನೋವಿನವನೊಬ್ಬ, ಭುಜ ನೋವಿನವನೊಬ್ಬ ಕುಳಿತಿದ್ದರು. ಇಬ್ಬರೂ ವಾಸಿಯಾಗುವ ಮೊದಲೇ ಮತ್ತೆ ಹತ್ತಿದವರು.

"ಅಂಕಲ್, ಪ್ಯಾಂಟಿಗೆ ಬೆಲ್ಟಿನ ಲೂಪ್ ಇರ್ತಾವಲ್ಲ, ವೈಸಾ ಬೆರಳಿನ್ಯಾಗೂ ಒಳಗಿನ ದಾರಾ ಹಿಡಿಯೋ ಪಟ್ಟಿ ಇರ್ತಾವ. ಒಂದು ಸ್ವಲ್ಪ ಹರದದ. ಎಣ್ಣಿ ತಿಕ್ಕಬ್ಯಾಡ್ರಿ. ಟೇಪ್ ಸುತ್ತೀನಿ, ಹತ್ತೋದು ಬಂದ್."

ಬಾವು ಇಳಿದ ಮೇಲೆ ಬೆರಳನ್ನು ಮೆಲ್ಲಗೆ ಮಡಚಿ ಬಿಡಿಸಬೇಕು. ಆಮೇಲೆ ಮೆತ್ತಗಿನದೇನಾದರೂ ಹಿಚುಕಬೇಕು, ಒಂದು ಮುಷ್ಟಿ ನಾದಿದ ಗೋಧಿ ಹಿಟ್ಟಾದರೂ ಸಾಕು. ನೋವು ಕಂಡಲ್ಲಿ ನಿಲ್ಲಿಸಬೇಕು. ಅದಾದ ಮೇಲಷ್ಟೇ ಅಂಗೈ ತುಂಬುವ ದೊಡ್ಡ ಹಿಡಿಕೆಗಳು. ಸಣ್ಣ ಅಂಚಿನ ಸುದ್ದಿಯೇ ಬೇಡ.

ಚೆನ್ನಯ ಎಲ್ಲ ಒಪ್ಪಿದ, ಹಿಟ್ಟಿನವರೆಗೂ ಪಾಲಿಸಿದ. ಆದರೆ ಹೋಟೆಲ್ ಅಡುಗೆಯವನು ಒಂದು ಮುಷ್ಟಿ ಹಿಟ್ಟು ಹಿಡಿದು ಮೂಲೆಯಲ್ಲಿ ಕೂರುವುದು ಹೇಗೆ? ಭಾನುವಾರ ಬೆಳಿಗ್ಗೆ ನಾದುವ ಮೆಷಿನ್ ಬಂದ್ ಮಾಡಿ, ಇಡೀ ಪಾತ್ರೆಯ ಹಿಟ್ಟಿಗೆ ತಾನೇ ಕೈ ಹಾಕಿದ. ಮಧ್ಯಾಹ್ನಕ್ಕೆ ಬೆರಳು ಮತ್ತೆ ಬಾಳೆಹಣ್ಣು.

"ಎಷ್ಟು ಹಿಟ್ಟು ಅಂಕಲ್?" ಸ್ನೇಹಲ್ ಕೇಳಿದಳು.

"ಪೂರಿಗೆ ಬೇಕಾದಷ್ಟು."

"ಎಷ್ಟು ಮಂದಿ ಪೂರಿಗೆ?"

ಚೆನ್ನಯ ನೆಲ ನೋಡಿದ. "ಸಂಡೇ ಅಲ್ವಾ, ರಶ್ ಇತ್ತು."

ಅವಳು ನಗಲಿಲ್ಲ. "ಇನ್ನೊಮ್ಮೆ ಹರದ್ರ ಆಪರೇಷನ್. ಆಮ್ಯಾಲೆ ಕ್ಲೈಂಬಿಂಗ್ ಮರ್ತುಬಿಡ್ರಿ."

ಆ ಮಾತು ಅವನನ್ನು ಹಿಡಿದು ಕೂರಿಸಿತು. ಬಂಡೆ ಬಿಟ್ಟರೆ ಅವನಿಗೆ ಬೇರೆ ಆಸೆಗಳಿರಲಿಲ್ಲ. ಹೋಟೆಲಿನವರು ಎಡಗೈಯಲ್ಲಿ ಸಾಂಬಾರ್ ಬಡಿಸುವ ಕೆಲಸ ಕೊಟ್ಟರು, ಗಿರಾಕಿಗಳ ಅಂಗಿ ಕೆಟ್ಟವು. ಸಂಜೆ ವಸಂತಿ ಒಂದು ಮುಷ್ಟಿ ಹಿಟ್ಟು ಅಳೆದುಕೊಟ್ಟು ಎದುರಿಗೇ ಕೂರುವಳು. ಅದರಿಂದ ಒಂದೇ ಚಪಾತಿ ಆಗುತ್ತಿತ್ತು, ಅದನ್ನು ಅವನೇ ತಿನ್ನಬೇಕು. ಮಳೆಗಾಲ ಹೀಗೆಯೇ ಕಳೆಯಿತು. ಫೋನ್ ಮಾಡಿದಾಗಲೆಲ್ಲ ನಾನು "ಹೇಗುಂಟು?" ಎನ್ನುವುದು, ಅವನು "ಉಂಟು" ಎನ್ನುವುದು. ಇಬ್ಬರಿಗೂ ಅಷ್ಟೇ ಸಾಕಾಗುತ್ತಿತ್ತು.

ದಸರೆಯ ಹೊತ್ತಿಗೆ ಸ್ನೇಹಲ್ ಒಪ್ಪಿಗೆ ಕೊಟ್ಟಳು, ಕಾಂದಿವಲಿಯ ಒಳಾಂಗಣ ಕ್ಲೈಂಬಿಂಗ್ ಗೋಡೆಯಲ್ಲಿ ದೊಡ್ಡ ಹಿಡಿಕೆಗಳು ಮಾತ್ರ. ಮಕ್ಕಳು ಹತ್ತುವ ದಾರಿ. ಚೆನ್ನಯ ಮುಕ್ಕಾಲು ಎತ್ತರ ಸಲೀಸಾಗಿ ಏರಿದ. ಅಲ್ಲಿಂದ ಮುಂದೆ ಮಕ್ಕಳು ಜಿಗಿದು ಹಿಡಿಯುವ ದೊಡ್ಡ ಹಿಡಿಕೆ ದೂರದಲ್ಲಿತ್ತು. ನಡುವೆ, ಬೇರೆ ದಾರಿಗೆ ಸೇರಿದ ತೆಳ್ಳಗಿನ ಅಂಚೊಂದು. ಅದನ್ನು ಹಿಡಿದರೆ ತುದಿ ಕೈಗೆ ಸಿಗುತ್ತಿತ್ತು.

ಅವನ ಬಲಗೈ ಅತ್ತ ಹೋಯಿತು. ಉಂಗುರದ ಬೆರಳು ಅಂಚಿನ ಮೇಲೆ ಮಡಚಿಕೊಂಡಿತು. ನಾನು ಹಗ್ಗ ಬಿಗಿಹಿಡಿದೆ. ಅವನು ಸ್ವಲ್ಪ ಹೊತ್ತು ಹಾಗೆಯೇ ಇದ್ದ. ಆಮೇಲೆ ಒಂದೊಂದೇ ಬೆರಳು ಬಿಡಿಸಿಕೊಂಡ.

"ಇಳಿಸಿ ಮಾರಾಯ್ರೆ."

ಕೆಳಗೆ ಬಂದವನು ಗೋಡೆಗೆ ಬೆನ್ನು ಕೊಟ್ಟು ಕುಸಿದ. ಮುಖ ಬೆವತಿತ್ತು.

"ನೋವಾಯಿತಾ?"

"ಇಲ್ಲ. ಆಗುವ ಮೊದಲೇ ಬಂದೆ." ಟೇಪು ಬಿಚ್ಚತೊಡಗಿದ. "ಹೀಗೆ ಬಿಟ್ಟು ಬರುವುದು ಮುಂಬ್ರಾಕ್ಕಿಂತ ಸುಸ್ತು. ಬರುವ ವಾರ ಬರ್ತೀರಲ್ಲ?"