ಎದ್ದು ದಾರಿ ಬಿಡುವ ದ್ರೌಪದಮ್ಮ

ಗಾಂಧಿ ಬಜಾರಿನ ಅಂಗಡಿಗಳು ಇನ್ನೂ ಬಾಗಿಲು ತೆರೆದಿಲ್ಲ. ಡಿಸೆಂಬರಿನ ಚಳಿಗೆ ಕಿವಿ ಮುಚ್ಚುವಂತೆ ಸೆರಗು ಬಿಗಿದು, ದ್ರೌಪದಮ್ಮ ಫುಟ್‌ಪಾತಿನಲ್ಲಿ ಅವರೆಕಾಳು ಹಿದುಕುತ್ತಿದ್ದಾರೆ. ನೆನೆದ ಕಾಳನ್ನು ಬೆರಳ ನಡುವೆ ಒತ್ತಿದರೆ ಸಾಕು, ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ. ಮಾತಾಡುವಾಗಲೂ ಬೆರಳು ನಿಲ್ಲುವುದಿಲ್ಲ.

ಇದು ಅವರ ಅತ್ತೆ ಕೂರುತ್ತಿದ್ದ ಜಾಗ. ಗಂಡ ತೀರಿಕೊಂಡ ಮೇಲೆ ಇವರ ಪಾಲಿಗೆ ಬಂತು. ಅವರೆಯ ಕಾಲ ಮುಗಿದರೆ ಸೊಪ್ಪು, ಬೇಸಿಗೆಗೆ ಮಾವಿನಕಾಯಿ. ಮಗಳು ರಮ್ಯಾಳ ಮದುವೆ ಮಾಡಿದ್ದೂ ಇದರಲ್ಲೇ. "ಯಾರ ಕೈಕೆಳಗೂ ಇಲ್ಲ ನೋಡಿ. ಮನಸ್ಸಾದ್ರೆ ಬರ್ತೀನಿ, ಇಲ್ದಿದ್ರೆ ಮುಸುಕು ಹಾಕ್ಕೊಂಡು ಮಲಗ್ತೀನಿ. ಮನೆಗೆಲಸಕ್ಕೆ ಹೋಗಿದ್ರೆ ಈ ಸುಖ ಎಲ್ಲಿತ್ತು?"

ಹೋದ ವರ್ಷ ಒಬ್ಬಳು ತುಂಬು ಬಸುರಿ, ಇವರ ಬುಟ್ಟಿ ದಾಟಲಾಗದೆ ರಸ್ತೆಗಿಳಿದಳು. ಆಟೋ ತಗುಲಿ ಬಿದ್ದಳು. ತಾಯಿ ಮಗು ಇಬ್ಬರೂ ಉಳಿದರು, ದೇವರು ದೊಡ್ಡವನು. ದ್ರೌಪದಮ್ಮನಿಗೆ ಮಾತ್ರ ಅನ್ನ ಸೇರಲಿಲ್ಲ. ಮರುದಿನವೇ ಬುಟ್ಟಿಯನ್ನು ತಲೆಗೇರಿಸಿ ಬೀದಿ ಬೀದಿ ಸುತ್ತತೊಡಗಿದರು.

ಅದು ಪಕ್ಕದಲ್ಲಿ ನಿಂಬೆಹಣ್ಣು ಮಾರುವ ಮಾರಕ್ಕನಿಗೆ ಸರಿಬರಲಿಲ್ಲ. ಮನೆ ಬಾಗಿಲಿಗೇ ಬಂದು ಜಾಡಿಸಿದಳು.

"ಏನಮ್ಮಿ, ಮಹಾತಾಯಿ ಆಗೋಕೆ ಹೊರಟ್ಯಾ? ನೀನೇ ಎದ್ದೋದ್ರೆ ನಮ್ಮನ್ನೂ ಎಬ್ಬಿಸ್ತಾರೆ. 'ಅವಳಿಗೇ ತಪ್ಪು ಅಂತ ಗೊತ್ತಾಯ್ತು, ನಿಮಗೇನು' ಅಂತಾರೆ. ಅವತ್ತು ಕಾರ್ಪೊರೇಷನ್ನೋರು ನಿನ್ನ ಬುಟ್ಟಿ ಲಾರಿಗೆ ಹಾಕ್ದಾಗ ಅಡ್ಡ ಮಲಗಿದ್ದು ಯಾರು? ನಾವಲ್ವಾ?"

ದ್ರೌಪದಮ್ಮ ಬುಟ್ಟಿ ಹೊತ್ತು ತಿರುಗುವುದು ಬಿಟ್ಟರು. ಮತ್ತೆ ಹಳೆಯ ಜಾಗಕ್ಕೇ ಬಂದು ಕೂತರು. ಆದರೆ ಅಂದಿನಿಂದ, ಯಾರು ನಡೆದು ಬಂದರೂ ಬುಟ್ಟಿಯನ್ನು ಸೊಂಟಕ್ಕೇರಿಸಿ ಗೋಡೆಗಂಟಿ ನಿಲ್ಲುತ್ತಾರೆ. ಅವರು ದಾಟಿದ ಮೇಲೆ ಕೂರುತ್ತಾರೆ. ಬೆಳಗಿನ ಹೊತ್ತು ಕೂತಿದ್ದಕ್ಕಿಂತ ಎದ್ದಿದ್ದೇ ಹೆಚ್ಚು.

"ಇದೇನೇ, ಕವಾಯತು ಮಾಡ್ತಿದೀಯಾ?" ಎಂದು ಮಾರಕ್ಕ ಈಗಲೂ ನಗುತ್ತಾಳೆ.

ವಾಕಿಂಗ್ ಬರುವ ನಂಜುಂಡಯ್ಯನವರು ಫುಟ್‌ಪಾತ್ ತೆರವು ಮಾಡಿಸಬೇಕೆಂದು ಬಡಾವಣೆಯವರ ಸಹಿ ಕೂಡಿಸುತ್ತಿದ್ದಾರೆ. ಬೇಳೆಗೂ ದ್ರೌಪದಮ್ಮನ ಹತ್ತಿರವೇ ಬರುತ್ತಾರೆ.

"ಎಬ್ಬಿಸೋದು ನಿಮ್ಮನ್ನಲ್ಲಮ್ಮ, ಬೇರೆಯವರನ್ನ. ನೀವು ಎದ್ದು ದಾರಿ ಬಿಡ್ತೀರಲ್ಲ."

"ಹಂಗಾದ್ರೆ ಮಾರಕ್ಕ ಏನ್ ಪಾಪ ಮಾಡಿದ್ಲು ಸ್ವಾಮಿ?"

"ಅದು ಬೇರೆ ವಿಷಯ. ಎರಡು ಪಾವು ಹಾಕಿ."

ಅವರು ಹೋದತ್ತಲೇ ದ್ರೌಪದಮ್ಮ ನೋಡುತ್ತಾರೆ. "ನಡೆಯೋರದ್ದೂ ನ್ಯಾಯ, ಮಾರಕ್ಕಂದೂ ನ್ಯಾಯ. ನಾನು ಮಾಡ್ತಿರೋದು ಸರೀನಾ ತಪ್ಪಾ, ಒಂದೂ ಬಗೆಹರೀತಿಲ್ಲ."

ಅಷ್ಟರಲ್ಲಿ ಶಾಲೆಯ ಮಕ್ಕಳ ಗುಂಪೊಂದು ಬರುತ್ತದೆ. ದ್ರೌಪದಮ್ಮ ಗೋಡೆ ಹಿಡಿದು ಏಳುತ್ತಾರೆ.

"ಬಗೆಹರಿಯೋ ತನಕ ಹಿಂಗೇ. ಮಂಡಿ ಒಂದು ತಡೆದ್ರೆ ಸಾಕು."